ಗದ್ದಲವಿಲ್ಲದ ದ್ವೀಪ ಬೇಕಾ? ಹೆಸರು ಕೊನೆಗಿರಲಿ, ಮೊದಲು ತಿಂಗಳು ನೋಡಿ

"ಒಂದು ವಾರ ಸುಮ್ನೆ ಕಡಲ ಪಕ್ಕ ಬಿದ್ದುಕೊಂಡಿರಬೇಕು, ಜನ ಜಾಸ್ತಿ ಇರಬಾರದು, ನೀರು ತಿಳಿಯಾಗಿರಬೇಕು. ಯಾವ ದ್ವೀಪಕ್ಕೆ ಹೋಗಲಿ?" ತುಂಬಾ ಜನ ನನ್ನನ್ನು ಕೇಳುವುದು ಇದನ್ನೇ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುತ್ತಾ ಬಂದಿದ್ದೇನೆ, ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು "ಇಲ್ಲಿಗೆ ಹೋಗಿ" ಅಂತ ಒಂದು ಹೆಸರು ಕೊಡುವುದಿಲ್ಲ. ಕೊಟ್ಟರೆ ನಿಮಗೆ ಉಪಯೋಗವೂ ಆಗುವುದಿಲ್ಲ. ಫೆಬ್ರವರಿಯಲ್ಲಿ ಕೆರೆಯ ಹಾಗೆ ಮಲಗಿರುವ ಬೀಚಿನಲ್ಲೇ ಆಗಸ್ಟ್ ಹೊತ್ತಿಗೆ ಕೆಂಪು ಬಾವುಟ ಹಾರುತ್ತಿರುತ್ತದೆ. ದ್ವೀಪದ ಉತ್ತರಕ್ಕೆ ಎಲೆ ಅಲ್ಲಾಡಿದ್ದೂ ಕೇಳಿಸುವಷ್ಟು ಶಾಂತಿ ಇದ್ದರೆ ದಕ್ಷಿಣದ ತುದಿಯಲ್ಲಿ ಬೆಳಗಿನ ಜಾವದವರೆಗೆ ಡಿಜೆ ಇರಬಹುದು. ಯಾವುದೋ ಚಂದದ ಫೋಟೋ ನೋಡಿ ಹೆಸರು ಹಿಡಿದು ಹೊರಟವರು ಹೆಚ್ಚಾಗಿ ತಪ್ಪು ತಿಂಗಳಲ್ಲಿ, ತಪ್ಪು ದಂಡೆಯಲ್ಲಿ ಇಳಿಯುತ್ತಾರೆ. ಆದ್ದರಿಂದ ಉಳಿದದ್ದನ್ನೆಲ್ಲ ಮೊದಲು ತೀರ್ಮಾನಿಸಿ. ಹೆಸರು ತಾನಾಗಿ ಎರಡು ಮೂರಕ್ಕೆ ಇಳಿಯುತ್ತದೆ.

ಕೂರುವ ಮುಂಚೆ ಇಷ್ಟು ಕೈಯಲ್ಲಿರಲಿ: ರಜೆ ಸಿಗುವ ತಾರೀಕುಗಳು, ಒಟ್ಟು ಎಷ್ಟು ಖರ್ಚು ಮಾಡಬಲ್ಲಿರಿ ಅನ್ನುವ ಒಂದು ಅಂಕಿ, ಪಾಸ್‌ಪೋರ್ಟ್, ಮತ್ತೆ ಉಪಗ್ರಹ ಚಿತ್ರ ತೋರಿಸುವ ಯಾವುದಾದರೂ ಮ್ಯಾಪ್. ಪಾಸ್‌ಪೋರ್ಟ್ ಯಾಕೆ ಅಂದರೆ, ಬಹಳ ದೇಶಗಳು ಅದರ ಅವಧಿ ಇನ್ನೂ 6 ತಿಂಗಳಾದರೂ ಉಳಿದಿರಬೇಕು ಅನ್ನುತ್ತವೆ. ಎರಡು ಸಂಜೆ ಬಿಡುವು ಮಾಡಿಕೊಳ್ಳಿ, ಸಾಕು.

ಹಂತ 1: ನಿಮ್ಮ ಶಾಂತಿ ಯಾವ ಥರದ್ದು?

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ, ದಯವಿಟ್ಟು ಹಾರಿಸಬೇಡಿ. ಒಬ್ಬರಿಗೆ ಶಾಂತಿ ಅಂದರೆ ಅಕ್ಕಪಕ್ಕ ಯಾರೂ ಇಲ್ಲದಿರುವುದು. ಇನ್ನೊಬ್ಬರಿಗೆ ನಾಲ್ಕು ಜನ ಇದ್ದರೂ ಪರವಾಗಿಲ್ಲ, ಆದರೆ ಬೈಕು, ಕಾರಿನ ಸದ್ದು ಇರಬಾರದು. ಮತ್ತೊಬ್ಬರಿಗೆ ಊಟಕ್ಕೆ ಏನು ಮಾಡುವುದು, ಎಲ್ಲಿಗೆ ಹೋಗುವುದು ಅಂತ ಯೋಚಿಸುವ ಕೆಲಸವೇ ಇರಬಾರದು. ಈ ಮೂರಕ್ಕೂ ಬೇರೆ ಬೇರೆ ದ್ವೀಪ ಬೇಕು. ಮೊದಲಿನವರಿಗೆ ತಲುಪಲು ಕಷ್ಟವಾದ ಜಾಗ ಹೊಂದುತ್ತದೆ. ಎರಡನೆಯವರಿಗೆ ಇಂಡೋನೇಷ್ಯಾದ ಗಿಲಿ ಮೆನೋ ಥರದ ಮೋಟಾರು ವಾಹನಗಳೇ ಇಲ್ಲದ ದ್ವೀಪ ಚೆನ್ನ, ಇಲ್ಲವೇ ಸೆಶೆಲ್ಸ್‌ನ ಲಾ ಡಿಗ್, ಅಲ್ಲಿ ಓಡಾಟ ಬಹುಪಾಲು ಸೈಕಲ್ಲಿನಲ್ಲೇ. ಮೂರನೆಯವರು ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಇರುವ ಮಾಲ್ಡೀವ್ಸ್ ಮಾದರಿಯ ಕಡೆ ನೋಡಬೇಕು.

ಜೊತೆಗೆ ಯಾರು ಬರುತ್ತಾರೆ ಅನ್ನುವುದನ್ನೂ ಇದೇ ಹಂತದಲ್ಲಿ ಯೋಚಿಸಿ. ಚಿಕ್ಕ ಮಕ್ಕಳಿದ್ದರೆ ಆಳವಿಲ್ಲದ, ಅಲೆಯಿಲ್ಲದ ನೀರು ಬೇಕು. ವಯಸ್ಸಾದವರು ಅಥವಾ ಆರೋಗ್ಯ ಅಷ್ಟಕ್ಕಷ್ಟೇ ಇರುವವರು ಇದ್ದರೆ ಆಸ್ಪತ್ರೆಯಿಂದ ಅರ್ಧ ದಿನ ದೂರದ ದ್ವೀಪ ಎಷ್ಟೇ ಚಂದವಿದ್ದರೂ ಬೇಡ. ಈಜು ಬಾರದವರಿದ್ದರೆ ಅದನ್ನೂ ಬರೆದುಕೊಳ್ಳಿ.

ಒಂದು ಹಾಳೆಯಲ್ಲಿ "ಇರಲೇಬೇಕು" ಅಂತ ಮೂರು, "ಇರಲೇಬಾರದು" ಅಂತ ಮೂರು ಬರೆಯಿರಿ. ಮೂರಕ್ಕಿಂತ ಜಾಸ್ತಿ ಬೇಡ. ಹತ್ತು ಷರತ್ತು ಹಾಕಿದರೆ ಅದಕ್ಕೆಲ್ಲ ಒಪ್ಪುವ ದ್ವೀಪ ಸಿಗುವುದಿಲ್ಲ.

ಹಂತ 2: ತಿಂಗಳು

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ನಾನಿಲ್ಲಿ ಹೇಳುತ್ತಿರುವುದು ಉಷ್ಣವಲಯದ ದ್ವೀಪಗಳ ಬಗ್ಗೆ. ಉಷ್ಣವಲಯ ಅಂದರೆ ಭೂಮಧ್ಯ ರೇಖೆಯ ಎರಡೂ ಬದಿಗೆ ಸುಮಾರು 23 ಡಿಗ್ರಿ ಅಕ್ಷಾಂಶದವರೆಗಿನ ಪಟ್ಟಿ. ಇಲ್ಲಿ ವರ್ಷವಿಡೀ ಸೆಕೆ ಇರುತ್ತದೆ, ಹಾಗಾಗಿ ಉಷ್ಣತೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದದ್ದು ಮಳೆ, ಗಾಳಿ, ಚಂಡಮಾರುತ. ಇವು ಮೂರೂ ಬೇರೆ ಬೇರೆ ವಿಷಯ.

ಮಳೆಯ ವಿಚಾರದಲ್ಲಿ ಜನ ಮಾಡುವ ದೊಡ್ಡ ತಪ್ಪು, ಒಂದು ದೇಶಕ್ಕೆ ಒಂದೇ ಮಳೆಗಾಲ ಅಂದುಕೊಳ್ಳುವುದು. ಥಾಯ್ಲೆಂಡನ್ನೇ ತೆಗೆದುಕೊಳ್ಳಿ. ಪಶ್ಚಿಮಕ್ಕಿರುವ ಕೊ ಲಾಂಟಾ, ಕೊ ಲಿಪೆ ಕಡೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಪೂರ್ವದ ಕೊಲ್ಲಿಯಲ್ಲಿರುವ ಕೊ ಸಮುಯಿ, ಕೊ ಪಾಂಗಾನ್ ಕಡೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಜುಲೈನಲ್ಲಿ ರಜೆ ಸಿಕ್ಕವರು ಪಶ್ಚಿಮ ಬಿಟ್ಟು ಪೂರ್ವಕ್ಕೆ ಹೋದರೆ ಅದೇ ದೇಶದಲ್ಲೇ ಒಳ್ಳೆಯ ಬಿಸಿಲು ಸಿಗುವ ಸಾಧ್ಯತೆ ಇದೆ. ಇನ್ನು ಕೆಲವು ಜಾಗಗಳು ಮಳೆಗಾಲದಲ್ಲಿ ಮುಚ್ಚಿಯೇ ಇರುತ್ತವೆ. ಸಿಮಿಲನ್ ದ್ವೀಪಗಳ ರಾಷ್ಟ್ರೀಯ ಉದ್ಯಾನ ಪ್ರತಿ ವರ್ಷ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಪ್ರವಾಸಿಗರಿಗೆ ಬಂದ್.

ಗಾಳಿಯನ್ನು ಯಾರೂ ನೋಡುವುದೇ ಇಲ್ಲ. ಮಳೆ ಇಲ್ಲದ, ಬಿಸಿಲು ಚೆನ್ನಾಗಿರುವ ತಿಂಗಳಲ್ಲೂ ಜೋರು ಗಾಳಿ ಇದ್ದರೆ ಮರಳು ಕಣ್ಣಿಗೆ ಬೀಳುತ್ತದೆ, ನೀರು ಕದಡುತ್ತದೆ, ಪುಸ್ತಕ ಹಿಡಿದು ಕೂರಲಾಗುವುದಿಲ್ಲ. ಸೆಶೆಲ್ಸ್‌ನಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ ಬೀಸುತ್ತದೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದಿಂದ. ಒಂದು ಗಾಳಿ ಹೋಗಿ ಇನ್ನೊಂದು ಬರುವ ನಡುವಿನ ದಿನಗಳಲ್ಲಿ, ಅಂದರೆ ಏಪ್ರಿಲ್ ಮತ್ತು ಅಕ್ಟೋಬರ್, ನವೆಂಬರ್ ಸುಮಾರಿಗೆ, ಕಡಲು ಮೆತ್ತಗಾಗುತ್ತದೆ. ಹೀಗೆ ಎರಡು ಕಾಲಗಳ ನಡುವೆ ಬರುವ ದಿನಗಳನ್ನು ಪ್ರವಾಸದವರು ಶೋಲ್ಡರ್ ಸೀಸನ್ ಅನ್ನುತ್ತಾರೆ. ಜನವೂ ಕಡಿಮೆ, ದರವೂ ಸ್ವಲ್ಪ ಇಳಿದಿರುತ್ತದೆ. ಗದ್ದಲ ಬೇಡದವರಿಗೆ ನಾನು ಯಾವಾಗಲೂ ಹೇಳುವುದು ಈ ಅಂಚಿನ ವಾರಗಳನ್ನೇ.

ಗಾಳಿ ಇದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ಗುರುತು ಇದೆ. ಬೀಚಿನ ಉದ್ದಕ್ಕೂ ಕೈಟ್‌ಸರ್ಫಿಂಗ್ ಕಲಿಸುವ ಶಾಲೆಗಳು ಸಾಲಾಗಿದ್ದರೆ ಅಲ್ಲಿ ಗಾಳಿ ಜೋರು ಅಂತ ತಿಳಿಯಿರಿ. ಕೈಟ್‌ಸರ್ಫಿಂಗ್ ಅಂದರೆ ದೊಡ್ಡ ಗಾಳಿಪಟ ಹಿಡಿದು ಹಲಗೆಯ ಮೇಲೆ ನೀರಿನಲ್ಲಿ ಜಾರುವ ಆಟ, ಗಾಳಿ ಇಲ್ಲದೆ ಅದು ನಡೆಯುವುದೇ ಇಲ್ಲ. ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್‌ನ ಪಾಜೆ ಇಂಥ ಬೀಚು. ಆಟ ಆಡುವವರಿಗೆ ಸ್ವರ್ಗ, ಸುಮ್ನೆ ಮಲಗಲು ಬಂದವರಿಗೆ ಅಲ್ಲ.

ಇನ್ನು ಚಂಡಮಾರುತ. ಅಟ್ಲಾಂಟಿಕ್ ಮತ್ತು ಕೆರಿಬಿಯನ್‌ನಲ್ಲಿ ಅದರ ಕಾಲ ಜೂನ್ 1ರಿಂದ ನವೆಂಬರ್ 30, ಜೋರು ಇರುವುದು ಸೆಪ್ಟೆಂಬರ್ ಆಸುಪಾಸು. ದಕ್ಷಿಣ ಪೆಸಿಫಿಕ್‌ನ ಫಿಜಿ, ಸಮೋವಾ, ಕುಕ್ ದ್ವೀಪಗಳಿಗೂ, ನೈಋತ್ಯ ಹಿಂದೂ ಮಹಾಸಾಗರದ ಮಾರಿಷಸ್, ರೊಡ್ರಿಗ್ಸ್‌ಗೂ ನವೆಂಬರ್‌ನಿಂದ ಏಪ್ರಿಲ್. ಭೂಮಧ್ಯ ರೇಖೆಗೆ ತೀರಾ ಹತ್ತಿರ, ಸುಮಾರು 5 ಡಿಗ್ರಿ ಒಳಗೆ, ಚಂಡಮಾರುತ ಹುಟ್ಟುವುದು ಬಹಳ ಅಪರೂಪ. ಭೂಮಿ ತಿರುಗುವುದರಿಂದ ಗಾಳಿಗೆ ಸಿಗುವ ಸುತ್ತು ಅಲ್ಲಿ ಸಾಲುವುದಿಲ್ಲ. ಸೆಶೆಲ್ಸ್‌ನ ಮುಖ್ಯ ದ್ವೀಪಗಳಿಗೆ ಈ ಭಯ ಕಡಿಮೆ ಇರುವುದು ಇದರಿಂದಲೇ. ಕೆರಿಬಿಯನ್‌ಗೇ ಹೋಗಬೇಕು, ಆದರೆ ರಜೆ ಸಿಗುವುದು ಸೆಪ್ಟೆಂಬರ್‌ನಲ್ಲಿ ಅನ್ನುವವರು ದಕ್ಷಿಣದ ಅರುಬಾ, ಬೊನೇರ್, ಕ್ಯುರಸಾವ್ ನೋಡಬಹುದು, ಅವು ಚಂಡಮಾರುತಗಳ ಮಾಮೂಲಿ ದಾರಿಯಿಂದ ಕೆಳಗಿವೆ. ಪೂರ್ತಿ ಸುರಕ್ಷಿತ ಅಂತ ಅಲ್ಲ, ಸಾಧ್ಯತೆ ಕಡಿಮೆ ಅಷ್ಟೇ.

ಕೆರಿಬಿಯನ್‌ಗೆ ಹೋಗುವವರು ಇನ್ನೊಂದನ್ನು ಕೇಳಲೇಬೇಕು, ಸರ್ಗಾಸಮ್. ಇದು ಕಡಲ ಮೇಲೆ ತೇಲುವ ಕಂದು ಬಣ್ಣದ ಪಾಚಿ. 2011ರಿಂದ ಈಚೆಗೆ ರಾಶಿ ರಾಶಿಯಾಗಿ ದಡಕ್ಕೆ ಬರುತ್ತಿದೆ, ಹೆಚ್ಚಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲಿ, ಪೂರ್ವಕ್ಕೆ ಮುಖ ಮಾಡಿದ ದಂಡೆಗಳಿಗೆ. ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಹೋಟೆಲಿನ ಫೋಟೋದಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಅದೇ ದ್ವೀಪದ ಪಶ್ಚಿಮ ದಂಡೆ ಹಿಡಿದರೆ ಬಹಳ ಸಲ ತಪ್ಪಿಸಿಕೊಳ್ಳಬಹುದು.

ಹಂತ 3: ಕೊನೆಯ ದಾರಿ ಅಳೆಯಿರಿ

ದ್ವೀಪಗಳಲ್ಲಿ ಶಾಂತಿ ಉಳಿದಿರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ಅಲ್ಲಿಗೆ ತಲುಪುವುದು ಕಷ್ಟ. ದೊಡ್ಡ ವಿಮಾನ ನೇರವಾಗಿ ಇಳಿಯುವ ದ್ವೀಪದಲ್ಲಿ ಜನ ಇದ್ದೇ ಇರುತ್ತಾರೆ. ಅಲ್ಲಿಂದ ಒಂದು ದೋಣಿ ಹಿಡಿದರೆ ಅರ್ಧ ಜನ ಕಡಿಮೆ. ಎರಡನೆಯ ದೋಣಿ ಹಿಡಿಯಬೇಕಾದರೆ ಇನ್ನೂ ಕಡಿಮೆ. ಹಾಗಾಗಿ ಈ ಕಷ್ಟವನ್ನು ಶತ್ರು ಅಂದುಕೊಳ್ಳಬೇಡಿ, ಆದರೆ ಎಷ್ಟು ಕಷ್ಟ ನಿಮ್ಮಿಂದ ತಡೆಯಲಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ.

ವಿಮಾನ ನಿಲ್ದಾಣದಿಂದ ಹೋಟೆಲಿಗೆ ತಲುಪಿಸುವ ಪ್ರಯಾಣಕ್ಕೆ ಟ್ರಾನ್ಸ್‌ಫರ್ ಅನ್ನುತ್ತಾರೆ. ರೂಮಿನ ದರದಲ್ಲಿ ಇದು ಸೇರಿರುವುದು ಕಡಿಮೆ. ಕೆಲವು ಕಡೆ ಟ್ರಾನ್ಸ್‌ಫರ್ ಖರ್ಚೇ ಎರಡು ಮೂರು ರಾತ್ರಿಯ ಬಾಡಿಗೆಯಷ್ಟು ಆಗುತ್ತದೆ. ಅಗ್ಗದ ರೂಮು ನೋಡಿ ಬುಕ್ ಮಾಡಿ, ಆಮೇಲೆ ದೋಣಿಯ ದರ ಕೇಳಿ ತಲೆ ಹಿಡಿದುಕೊಂಡವರನ್ನು ಬಹಳ ನೋಡಿದ್ದೇನೆ.

ಸಮಯವನ್ನೂ ನೋಡಿ. ಮಾಲ್ಡೀವ್ಸ್‌ನಲ್ಲಿ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಚಿಕ್ಕ ವಿಮಾನ, ಹಗಲಲ್ಲಿ ಮಾತ್ರ ಹಾರುತ್ತದೆ. ನಿಮ್ಮ ದೊಡ್ಡ ವಿಮಾನ ಸಂಜೆ ಇಳಿದರೆ ಆ ರಾತ್ರಿ ರಾಜಧಾನಿ ಮಾಲೆಯಲ್ಲೋ ಪಕ್ಕದಲ್ಲೋ ಕಳೆಯಬೇಕು, ದೂರದ ರೆಸಾರ್ಟಿಗೆ ಕೊಟ್ಟ ಆ ರಾತ್ರಿಯ ಹಣ ಸುಮ್ನೆ ಹೋಯಿತು. ಸಾರ್ವಜನಿಕ ದೋಣಿಗಳು ಎಷ್ಟೋ ಕಡೆ ದಿನಕ್ಕೊಂದು, ವಾರಕ್ಕೆ ಮೂರು, ಹೀಗೆ ಇರುತ್ತವೆ. ವಾರದ ರಜೆಯ ದಿನ ಇರುವುದೇ ಇಲ್ಲ. ದಕ್ಷಿಣ ಪೆಸಿಫಿಕ್‌ನ ಟೋಂಗಾ ದೇಶದಲ್ಲಿ ಭಾನುವಾರ ವಿಮಾನ, ಅಂಗಡಿ ಎಲ್ಲ ಬಂದ್, ಅದು ಅಲ್ಲಿನ ಸಂವಿಧಾನದಲ್ಲೇ ಇದೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಚಿಕ್ಕ ವಿಮಾನಗಳಲ್ಲಿ ಸಾಮಾನಿನ ತೂಕಕ್ಕೆ ಕಟ್ಟುನಿಟ್ಟಿನ ಮಿತಿ ಇರುತ್ತದೆ, ಟಿಕೆಟ್ಟಿನಲ್ಲಿ ನೋಡಿಕೊಳ್ಳಿ. ಇನ್ನೊಂದು ಇದಕ್ಕಿಂತ ಮುಖ್ಯ. ವಾಪಸ್ ಬರುವಾಗ ಕೊನೆಯ ರಾತ್ರಿಯನ್ನು ದೊಡ್ಡ ವಿಮಾನ ನಿಲ್ದಾಣ ಇರುವ ದ್ವೀಪದಲ್ಲೇ ಕಳೆಯಿರಿ. ಬೆಳಿಗ್ಗೆ ದೋಣಿ, ಮಧ್ಯಾಹ್ನ ವಿಮಾನ ಅಂತ ಯೋಜನೆ ಹಾಕಬೇಡಿ. ಗಾಳಿ ಎದ್ದರೆ ಬಂದರಿನವರು ದೋಣಿ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು, ಆಗ ನಿಮ್ಮ ವಿಮಾನ ಕಾಯುವುದಿಲ್ಲ.

ಕೆಲವು ದ್ವೀಪಗಳಿಗೆ ಟಿಕೆಟ್ ಇದ್ದರೆ ಸಾಲದು, ಪರವಾನಗಿ ಬೇಕು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಇಲ್ಲದೆ ಹೋಗುವಂತಿಲ್ಲ. ಬ್ರೆಜಿಲ್‌ನ ಫೆರ್ನಾಂಡೊ ಡಿ ನೊರೊನ್ಯದಲ್ಲಿ ಪ್ರವಾಸಿಗರ ಸಂಖ್ಯೆಗೇ ಮಿತಿ ಇದೆ, ಎಷ್ಟು ದಿನ ಇರುತ್ತೀರೋ ಅಷ್ಟು ದಿನಕ್ಕೆ ಪರಿಸರ ತೆರಿಗೆ ಕಟ್ಟಬೇಕು. ಇಂಥ ನಿಯಮಗಳು ಕಿರಿಕಿರಿ ಅನ್ನಿಸಬಹುದು. ಆದರೆ ನೀವು ಹುಡುಕುತ್ತಿರುವ ಶಾಂತಿಯನ್ನು ಕಾಪಾಡುತ್ತಿರುವುದು ಅವೇ ಅಲ್ವಾ? ವಿಮಾನದ ಟಿಕೆಟ್ಟಿಗೆ ಮುಂಚೆ ಪರವಾನಗಿ ಮಾಡಿಸಿ.

ಹಂತ 4: ಹೆಸರುವಾಸಿ ದ್ವೀಪದ ಪಕ್ಕದ್ದನ್ನು ನೋಡಿ

ಈಗ ಹೆಸರುಗಳಿಗೆ ಬರೋಣ. ನಾನು ಹುಡುಕುವ ಕ್ರಮ ಹೀಗೆ: ಎಲ್ಲರಿಗೂ ಗೊತ್ತಿರುವ ಒಂದು ದ್ವೀಪ ಹಿಡಿದು, ಮ್ಯಾಪಿನಲ್ಲಿ ಅದರ ಸುತ್ತ ನೋಡುತ್ತೇನೆ. ಕಡಲು ಅದೇ, ಹವೆ ಅದೇ, ಜನ ಕಡಿಮೆ. ಗಿಲಿ ಟ್ರಾವಂಗನ್‌ನಲ್ಲಿ ಪಾರ್ಟಿ ಜೋರು, ಅದರ ಪಕ್ಕದ ಗಿಲಿ ಮೆನೋ ಮೂರು ಗಿಲಿ ದ್ವೀಪಗಳಲ್ಲೇ ಶಾಂತ, ಗಿಲಿ ಏರ್ ನಡುವಿನದು. ಥಾಯ್ಲೆಂಡಿನ ಕೊ ಚಾಂಗ್‌ಗೆ ಬದಲು ಕೊ ಮಾಕ್ ಅಥವಾ ಕೊ ಕೂಡ್. ಫ್ರೆಂಚ್ ಪಾಲಿನೇಷ್ಯಾದ ಬೊರಾ ಬೊರಾಗೆ ಬದಲು ಮಾಪಿಟಿ. ಮಾರಿಷಸ್‌ಗೆ ಬದಲು ರೊಡ್ರಿಗ್ಸ್. ಜಾಂಜಿಬಾರ್‌ನ ಮುಖ್ಯ ದ್ವೀಪಕ್ಕೆ ಬದಲು ಪೆಂಬಾ ಅಥವಾ ಮಾಫಿಯಾ. ಅಂಡಮಾನ್‌ನಲ್ಲಿ ಮೊದಲು ಹ್ಯಾವ್‌ಲಾಕ್ ಅನ್ನುತ್ತಿದ್ದ ಸ್ವರಾಜ್ ದ್ವೀಪಕ್ಕೆ ಬದಲು, ನೀಲ್ ಅನ್ನುತ್ತಿದ್ದ ಶಹೀದ್ ದ್ವೀಪ.

ಕೆಲವೊಮ್ಮೆ ಬೇರೆ ದ್ವೀಪವೂ ಬೇಕಿಲ್ಲ, ಅದೇ ದ್ವೀಪದ ಇನ್ನೊಂದು ತುದಿ ಸಾಕು. ಕೊ ಪಾಂಗಾನ್ ಅಂದ ಕೂಡಲೇ ಹುಣ್ಣಿಮೆ ರಾತ್ರಿಯ ದೊಡ್ಡ ಪಾರ್ಟಿ ನೆನಪಾಗುತ್ತದೆ. ಅದು ನಡೆಯುವುದು ದಕ್ಷಿಣ ತುದಿಯ ಹಾಡ್ ರಿನ್‌ನಲ್ಲಿ. ಉತ್ತರದ ಕೊಲ್ಲಿಗಳು ಬೇರೆಯದೇ ಲೋಕ. ಹಾಗಿದ್ದರೂ ಹುಣ್ಣಿಮೆಯ ವಾರ ದೋಣಿ, ರೂಮು ಎಲ್ಲ ತುಂಬಿರುತ್ತವೆ, ಆ ದಿನಗಳನ್ನು ಬಿಟ್ಟು ಹೋಗಿ.

ಇಲ್ಲಿ ಬೀಳುವ ಗುಂಡಿ ಯಾವುದು ಅಂದರೆ, ಹಗಲು ಪ್ರವಾಸಿಗರು. ದೊಡ್ಡ ದ್ವೀಪದಿಂದ ಬೆಳಿಗ್ಗೆ ದೋಣಿಯಲ್ಲಿ ಬಂದು ಸಂಜೆಗೆ ಹೋಗುವವರು. ಇಂಥ ಕಡೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಬೀಚು ಸಂತೆಯಾಗುತ್ತದೆ. ಲಾ ಡಿಗ್‌ನ ಆನ್ಸ್ ಸೂರ್ಸ್ ದಾರ್ಜಾಂ ಬೀಚಿಗೆ ಬೆಳಿಗ್ಗೆ ಬೇಗ ಹೋದರೆ ನೀವು, ಆ ದೊಡ್ಡ ಗ್ರಾನೈಟ್ ಬಂಡೆಗಳು, ನೀರು, ಅಷ್ಟೇ. ಮಧ್ಯಾಹ್ನ ಹೋದರೆ ಫೋಟೋಗೆ ಸಾಲು ನಿಂತಿರುತ್ತದೆ. ಇದು ದ್ವೀಪ ಬೇಡ ಅನ್ನಲು ಕಾರಣವಲ್ಲ, ಅಲ್ಲೇ ರಾತ್ರಿ ಉಳಿಯಲು ಕಾರಣ. ಬೆಳಿಗ್ಗೆ, ಸಂಜೆ ದ್ವೀಪ ನಿಮ್ಮದು, ನಡು ಮಧ್ಯಾಹ್ನ ನಿದ್ದೆ ಮಾಡಿ. ಕ್ರೂಸ್ ಹಡಗು ನಿಲ್ಲುವ ದ್ವೀಪವಾದರೆ ಬಂದರಿನ ವೇಳಾಪಟ್ಟಿ ಮೊದಲೇ ನೋಡಿ. ಹಡಗು ಬರುವ ದಿನ ಒಮ್ಮೆಗೇ ಸಾವಿರಾರು ಜನ ಇಳಿಯಬಹುದು.

ಈಚೆಗೆ ಚಂಡಮಾರುತಕ್ಕೆ ಸಿಕ್ಕ ದ್ವೀಪವಾ ಅಂತಲೂ ನೋಡಿಕೊಳ್ಳಿ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಕೆರಿಬಿಯನ್‌ನಲ್ಲಿರುವ ಗ್ರೆನಡಾ ದೇಶದ ಕ್ಯಾರಿಯಾಕೂ ದ್ವೀಪವನ್ನು ಜಜ್ಜಿಹಾಕಿತು. ಅಲ್ಲಿಯವರೆಗೆ ಗದ್ದಲವಿಲ್ಲದ ದ್ವೀಪಗಳ ಪಟ್ಟಿಯಲ್ಲಿ ಅದರ ಹೆಸರು ಇದ್ದೇ ಇರುತ್ತಿತ್ತು. ಇಂಥ ಕಡೆಗೆ ಹೋಗಬಾರದು ಅಂತ ಅಲ್ಲ, ಅವರಿಗೆ ಪ್ರವಾಸಿಗರ ಹಣ ಈಗಲೇ ಜಾಸ್ತಿ ಬೇಕು. ಆದರೆ ಹಳೆಯ ಬರಹ ನಂಬಿ ಹೊರಡಬೇಡಿ. ಯಾವ ಹೋಟೆಲು ತೆರೆದಿದೆ, ಯಾವ ದೋಣಿ ಓಡುತ್ತಿದೆ ಅಂತ ನೇರವಾಗಿ ಕೇಳಿ.

ಹಂತ 5: ದಂಡೆ, ಅಂದರೆ ನಿಮ್ಮ ಮುಂದಿನ ನೀರು

ಎರಡು ಮೂರು ದ್ವೀಪ ಉಳಿದವು ಅನ್ನೋಣ. ಈಗ ಉಪಗ್ರಹ ಚಿತ್ರ ತೆಗೆಯಿರಿ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ದಡದಿಂದ ಸ್ವಲ್ಪ ದೂರದಲ್ಲಿ ನೊರೆಯ ಬಿಳಿ ಗೆರೆ ಕಾಣುತ್ತದೆಯಾ? ಅಲ್ಲಿ ಹವಳದ ದಿಬ್ಬ ಇದೆ, ರೀಫ್ ಅನ್ನುವುದು ಇದನ್ನೇ. ಅಲೆಗಳು ಅಲ್ಲೇ ಒಡೆಯುತ್ತವೆ. ಆ ಗೆರೆಗೂ ದಡಕ್ಕೂ ನಡುವಿನ ತಿಳಿ ನೀರು ಲಗೂನ್. ಮಕ್ಕಳಿರುವವರಿಗೆ, ಈಜು ಅಷ್ಟಾಗಿ ಬಾರದವರಿಗೆ ಲಗೂನ್ ಇರುವ ದಂಡೆಯೇ ಒಳ್ಳೆಯದು. ನೊರೆಯ ಗೆರೆ ನೇರ ದಡದಲ್ಲೇ ಇದ್ದರೆ ಅಲ್ಲಿ ಅಲೆಯ ಹೊಡೆತ ದಡಕ್ಕೇ. ನೀರಿನ ಬಣ್ಣ ತಿಳಿ ಹಸಿರು ನೀಲಿ ಇದ್ದರೆ ಕೆಳಗೆ ಮರಳು, ಕಪ್ಪು ಮಚ್ಚೆಗಳಿದ್ದರೆ ಹವಳ ಅಥವಾ ಕಡಲ ಹುಲ್ಲು. ಹುಲ್ಲು ಕೆಟ್ಟದ್ದಲ್ಲ, ಆಮೆಗಳು ಮೇಯುವುದು ಅಲ್ಲೇ. ಆದರೆ ಕಾಲಿಟ್ಟರೆ ಮೆತ್ತಗೆ ಆಗುವುದು ಕೆಲವರಿಗೆ ಹಿಡಿಸುವುದಿಲ್ಲ.

ಗಾಳಿ ಬಂದು ಬಡಿಯುವ ದಂಡೆ ಒಂದು, ಗಾಳಿಗೆ ಮರೆಯಾಗಿರುವ ದಂಡೆ ಇನ್ನೊಂದು. ಹಂತ 2ರಲ್ಲಿ ನಿಮ್ಮ ತಿಂಗಳಿಗೆ ಗಾಳಿ ಯಾವ ದಿಕ್ಕಿನಿಂದ ಅಂತ ನೋಡಿದ್ದೀರಲ್ಲ, ಈಗ ಅದರ ವಿರುದ್ಧ ದಿಕ್ಕಿಗೆ ಮುಖ ಮಾಡಿದ ಬೀಚು ಹುಡುಕಿ. ಆಗ್ನೇಯದ ಗಾಳಿ ಇರುವ ತಿಂಗಳಾದರೆ ವಾಯವ್ಯಕ್ಕೆ ಮುಖ ಮಾಡಿದ ಬೀಚು ಶಾಂತವಾಗಿರುತ್ತದೆ. ಇಷ್ಟು ಚಿಕ್ಕ ಲೆಕ್ಕದಿಂದ ಎಷ್ಟೋ ರಜೆಗಳು ಉಳಿಯುತ್ತವೆ.

ಆಮೇಲೆ ಉಬ್ಬರ ಇಳಿತ. ನಾನು ಮೊದಲ ಸಲ ಹೋದಾಗ ಇದನ್ನು ನೋಡಿರಲಿಲ್ಲ. ರೂಮಿನ ಮುಂದೆ ಕಡಲು ಇದೆ ಅಂತ ದುಡ್ಡು ಕೊಟ್ಟಿದ್ದೆ, ಮಧ್ಯಾಹ್ನ ಎದ್ದು ನೋಡಿದರೆ ಕಣ್ಣು ಹಾಯುವವರೆಗೆ ಒದ್ದೆ ಮರಳು, ಕಲ್ಲು. ನೀರಿಗೆ ಕಾಲು ತಾಗಿಸಲು ಹತ್ತು ನಿಮಿಷ ನಡೆಯಬೇಕಾಯಿತು. ಜಾಂಜಿಬಾರ್‌ನ ಪೂರ್ವ ದಂಡೆ ಇಂಥದ್ದು, ಇಳಿತದಲ್ಲಿ ನೀರು ನೂರಾರು ಮೀಟರ್ ಹಿಂದೆ ಸರಿಯುತ್ತದೆ. ಅದೇ ದ್ವೀಪದ ಉತ್ತರ ತುದಿಯ ನುಂಗ್ವಿ, ಕೆಂಡ್ವಾ ಕಡೆ ಅಷ್ಟು ಸರಿಯುವುದಿಲ್ಲ, ಹಗಲೆಲ್ಲ ಈಜಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರವೂ ಜಾಸ್ತಿ ಇಳಿತವೂ ಜಾಸ್ತಿ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಟೈಡ್ ಟೇಬಲ್ ಅಂತ ಹುಡುಕಿದರೆ ನಿಮ್ಮ ತಾರೀಕಿನ ಉಬ್ಬರ ಇಳಿತದ ಸಮಯ ಸಿಗುತ್ತದೆ. ಬೆಳಿಗ್ಗೆ 9ರಿಂದ 11ರ ನಡುವೆ ಉಬ್ಬರ ಬರುವ ದಿನಗಳು ಸಿಕ್ಕರೆ ಅದೃಷ್ಟ.

ಹಂತ 6: ರೂಮು

ಇದಕ್ಕೆ ಜಾಸ್ತಿ ಹೊತ್ತು ಬೇಡ. ಬೀಚ್‌ಫ್ರಂಟ್ ಅಂದರೆ ರೂಮಿಗೂ ಮರಳಿಗೂ ನಡುವೆ ಏನೂ ಇಲ್ಲ ಅಂತ ಆಗಬೇಕು, ಆದರೆ ಎಷ್ಟೋ ಕಡೆ ನಡುವೆ ರಸ್ತೆ ಇರುತ್ತದೆ. ಸೀ ವ್ಯೂ ಅಂದರೆ ಎಲ್ಲಿಂದಲೋ ಕಡಲು ಕಾಣುತ್ತದೆ ಅಷ್ಟೇ. ಮ್ಯಾಪಿನಲ್ಲಿ ಕಟ್ಟಡ ಹುಡುಕಿ ನೀವೇ ನೋಡಿ. ಹಾಫ್ ಬೋರ್ಡ್ ಅಂದರೆ ಎರಡು ಹೊತ್ತಿನ ಊಟ, ಫುಲ್ ಬೋರ್ಡ್ ಅಂದರೆ ಮೂರೂ ಹೊತ್ತು. ಒಂದೇ ರೆಸಾರ್ಟ್ ಇರುವ ದ್ವೀಪದಲ್ಲಿ ಹೊರಗೆ ತಿನ್ನಲು ಬೇರೆ ಜಾಗವೇ ಇರುವುದಿಲ್ಲ, ಊಟ ಸೇರಿಸಿದ ದರವನ್ನೇ ಹೋಲಿಸಿ.

ಹಿಂದೆ ಇದ್ದು ಬಂದವರ ಅನಿಸಿಕೆ ಓದುವಾಗ ಅಂಕ ನೋಡಬೇಡಿ. ನೀವು ಹೋಗುವ ತಿಂಗಳಲ್ಲೇ ಹೋದವರು ಬರೆದದ್ದನ್ನು ಮಾತ್ರ ಓದಿ. ಅದರಲ್ಲೂ ಜನರೇಟರ್, ಸೊಳ್ಳೆ, ಪಾಚಿ, ಪಕ್ಕದ ಬಾರ್, ಕಟ್ಟಡ ಕೆಲಸ ಅನ್ನುವ ಪದಗಳನ್ನು ಹುಡುಕಿ. ಪಕ್ಕದಲ್ಲಿ ಹೊಸ ಹೋಟೆಲು ಕಟ್ಟುತ್ತಿದ್ದರೆ ಬೆಳಿಗ್ಗೆಯಿಂದ ಸಂಜೆವರೆಗೆ ಕಟರ್ ಸದ್ದು, ಯಾವ ಕಡಲೂ ಅದನ್ನು ಮುಚ್ಚುವುದಿಲ್ಲ.

ಬುಕ್ ಮಾಡುವ ಮುಂಚೆ ಹೋಟೆಲಿಗೆ ನೇರವಾಗಿ ಬರೆದು ಇಷ್ಟನ್ನು ಕೇಳಿ: ಕರೆಂಟು 24 ಗಂಟೆ ಇರುತ್ತದೆಯಾ, ಸ್ನಾನದ ನೀರು ಸಿಹಿಯಾ ಉಪ್ಪಾ, ದ್ವೀಪದಲ್ಲಿ ಎಟಿಎಂ ಇದೆಯಾ, ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದೆಯಾ, ಆ ತಿಂಗಳು ರೂಮಿನ ಮುಂದೆ ಈಜಲು ಆಗುತ್ತದೆಯಾ. ಕೊನೆಯ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರ ಬಂದರೆ ಬೇರೆ ಜಾಗ ನೋಡಿ. ಚಿಕ್ಕ ದ್ವೀಪಗಳಲ್ಲಿ ಸಿಹಿನೀರು ನಿಜಕ್ಕೂ ಕಡಿಮೆ, ಮಳೆ ನೀರು ಕೂಡಿಟ್ಟೋ ಕಡಲ ನೀರಿನ ಉಪ್ಪು ತೆಗೆದೋ ಬದುಕುತ್ತಾರೆ. ಸ್ನಾನ ಬೇಗ ಮುಗಿಸಿ.

ಅಲ್ಲಿನವರ ಜೀವನದ ನಿಯಮಗಳನ್ನೂ ಈಗಲೇ ತಿಳಿದುಕೊಳ್ಳಿ. ಮಾಲ್ಡೀವ್ಸ್‌ನಲ್ಲಿ ಜನವಸತಿ ಇರುವ ದ್ವೀಪಗಳ ಗೆಸ್ಟ್‌ಹೌಸ್ ರೆಸಾರ್ಟಿಗಿಂತ ಬಹಳ ಅಗ್ಗ. ಆದರೆ ಅಲ್ಲಿ ಮದ್ಯ ಇಲ್ಲ, ಈಜುಡುಗೆಯಲ್ಲಿ ಇರಬಹುದಾದ ಬೀಚು ಬೇರೆ ಗುರುತು ಮಾಡಿರುತ್ತಾರೆ. ಒಪ್ಪಿಗೆ ಇದ್ದರೆ ಹೋಗಿ, ಇಲ್ಲದಿದ್ದರೆ ಬೇರೆ ಕಡೆ ಹೋಗಿ, ಅಲ್ಲಿ ಹೋಗಿ ಜಗಳ ಮಾಡಬೇಡಿ.

ಹಂತ 7: ಬುಕಿಂಗ್ ಮತ್ತು ವಿಮೆ

ಒಂದು ವಾರಕ್ಕೆ ಒಂದೇ ದ್ವೀಪ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಏಳು ದಿನದಲ್ಲಿ ಮೂರು ದ್ವೀಪ ಅಂದರೆ ಮೂರು ಸಲ ಗಂಟು ಕಟ್ಟುವುದು, ಮೂರು ಸಲ ಜೆಟ್ಟಿಯಲ್ಲಿ ಕಾಯುವುದು. ಹತ್ತು ದಿನಕ್ಕಿಂತ ಜಾಸ್ತಿ ಇದ್ದರೆ ಎರಡು ದ್ವೀಪ ಆಗಬಹುದು.

ಕ್ರಮ ಹೀಗಿರಲಿ: ಮೊದಲು ಪರವಾನಗಿ ಮತ್ತು ವೀಸಾ ವಿಚಾರಿಸಿ, ನಂತರ ದೋಣಿಯ ವೇಳೆ ನೋಡಿ, ಆ ವೇಳೆಗೆ ಹೊಂದುವ ವಿಮಾನ ಹುಡುಕಿ, ಕ್ಯಾನ್ಸಲ್ ಮಾಡಿದರೆ ಹಣ ವಾಪಸ್ ಬರುವ ರೂಮು ಹಿಡಿದಿಟ್ಟು, ಆಮೇಲೆ ವಿಮಾನದ ಟಿಕೆಟ್ ಕೊಳ್ಳಿ. ಹೆಚ್ಚಿನವರು ಟಿಕೆಟ್ ಮೊದಲು ಕೊಂಡು ದೋಣಿ ಕೊನೆಗೆ ನೋಡುತ್ತಾರೆ.

ವಿಮೆ ಮಾಡಿಸಿದ ದಿನಕ್ಕೆ ಚಂಡಮಾರುತಕ್ಕೆ ಹೆಸರು ಇಟ್ಟಾಗಿದ್ದರೆ ಅದರಿಂದಾದ ನಷ್ಟ ಸಾಮಾನ್ಯವಾಗಿ ಸಿಗುವುದಿಲ್ಲ, ಹಾಗಾಗಿ ಬುಕ್ ಮಾಡಿದ ದಿನವೇ ವಿಮೆ ಮಾಡಿಸಿ. ತುರ್ತಿನಲ್ಲಿ ಬೇರೆ ದ್ವೀಪದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ. ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವುದಾದರೆ, ಆ ದೇಶದಲ್ಲಿ ಒಪ್ಪುವ ಲೈಸೆನ್ಸ್ ಇಲ್ಲದೆ ಬಿದ್ದರೆ ವಿಮೆಯವರು ಬಹುತೇಕ ಕೈ ಎತ್ತುತ್ತಾರೆ. ಸ್ಕೂಬಾ ಡೈವಿಂಗ್ ಮಾಡುವವರು, ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಿ, ಪೂರ್ತಿ ಒಂದು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಆಳದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಪೂರ್ತಿ ಹೊರಹೋಗದೆ ವಿಮಾನ ಹತ್ತಿದರೆ ಗುಳ್ಳೆಗಟ್ಟಿ ಪ್ರಾಣಕ್ಕೇ ಅಪಾಯ.

ಹಂತ 8: ಚೀಲ, ಮೈ, ನೀರು

ತೆಳು ಹತ್ತಿಯ ಉದ್ದ ತೋಳಿನ ಅಂಗಿ, ಹವಳ ಕೊಯ್ಯದಂತೆ ನೀರಿನ ಶೂ, ತಲೆಗೆ ಕಟ್ಟುವ ಟಾರ್ಚು, ಸೊಳ್ಳೆಗೆ ಹಚ್ಚುವ ಮದ್ದು, ಗಾಯಕ್ಕೆ ಆಂಟಿಸೆಪ್ಟಿಕ್, ನಿಮ್ಮ ಮಾಮೂಲಿ ಮಾತ್ರೆಗಳು ಹತ್ತು ದಿನ ಜಾಸ್ತಿಯೇ ಇರುವಷ್ಟು, ನಗದು ಹಣ. ಟಾರ್ಚು ಯಾಕೆಂದರೆ ಭೂಮಧ್ಯ ರೇಖೆಯ ಹತ್ತಿರ ವರ್ಷವಿಡೀ ಹಗಲು ಸುಮಾರು 12 ಗಂಟೆ, ಸೂರ್ಯ ಮುಳುಗಿದ ಕೂಡಲೇ ಕತ್ತಲೆ. ರಾತ್ರಿಗಳು ಉದ್ದ. ಓದಲು ಪುಸ್ತಕ ಇರಲಿ.

ಸನ್‌ಸ್ಕ್ರೀನ್ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಹವಳಕ್ಕೆ ಹಾನಿ ಅಂತ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕ ಇರುವವನ್ನು ಪೆಸಿಫಿಕ್‌ನ ಪಲಾವ್ ದೇಶ 2020ರಿಂದ ನಿಷೇಧಿಸಿದೆ, ಹವಾಯಿಯಲ್ಲಿ 2021ರಿಂದ ಮಾರುವಂತಿಲ್ಲ. ಅಂಗಿ ತೊಟ್ಟೇ ನೀರಿಗಿಳಿದರೆ ಹಚ್ಚುವ ಕೆಲಸವೇ ಅರ್ಧ ಕಡಿಮೆ.

ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲು ಹೊತ್ತು, ರಾತ್ರಿ ಪರದೆ ಕಟ್ಟಿದರೆ ಸಾಲದು. ಪೆಸಿಫಿಕ್‌ನ ವನುವಾಟು, ಸಾಲೊಮನ್ ದ್ವೀಪಗಳಲ್ಲಿ ಮಲೇರಿಯಾ ಕೂಡ ಇದೆ, ಹೊರಡುವ ಕೆಲವು ವಾರ ಮುಂಚೆ ವೈದ್ಯರನ್ನು ಕಾಣಿ. ಉತ್ತರ ಆಸ್ಟ್ರೇಲಿಯಾದ ಕಡಲಲ್ಲಿ ನವೆಂಬರ್‌ನಿಂದ ಮೇವರೆಗೆ ಬಾಕ್ಸ್ ಜೆಲ್ಲಿಫಿಶ್ ಇರುತ್ತದೆ, ಅದರ ಕುಟುಕು ಕೊಲ್ಲಬಲ್ಲದು. ಬಲೆ ಕಟ್ಟಿದ ಜಾಗದಲ್ಲಿ ಮಾತ್ರ, ಮೈ ಮುಚ್ಚುವ ಬಟ್ಟೆ ಹಾಕಿಯೇ ಇಳಿಯಿರಿ. ಬೀಚಿನ ಕಂಬದಲ್ಲಿ ವಿನೆಗರ್ ಬಾಟಲಿ ಕಟ್ಟಿರುವುದು ಈ ಕುಟುಕಿಗೇ.

ಕೊನೆಯದಾಗಿ ನೀರಿನ ಸೆಳೆತ, ರಿಪ್ ಕರೆಂಟ್. ದಡಕ್ಕೆ ಬಂದ ನೀರು ಒಂದು ಕಿರಿದಾದ ಜಾಗದಿಂದ ರಭಸವಾಗಿ ಕಡಲಿಗೆ ವಾಪಸ್ ಹೋಗುವುದು ಇದು. ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ, ಕಪ್ಪಾಗಿ ಕಂಡರೆ ಅಲ್ಲಿ ಇಳಿಯಬೇಡಿ. ಹೊಸಬರು ಅದನ್ನೇ ಒಳ್ಳೆಯ ಜಾಗ ಅಂದುಕೊಂಡು ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಿ ಸುಸ್ತಾಗಬೇಡಿ. ತೇಲಿಕೊಂಡಿರಿ, ಕೈ ಎತ್ತಿ ಕರೆಯಿರಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡದ ಕಡೆ ತಿರುಗಿ. ಗದ್ದಲವಿಲ್ಲದ ಬೀಚಿನಲ್ಲಿ ಕಾವಲುಗಾರರೂ ಇರುವುದಿಲ್ಲ ಅನ್ನುವುದು ನೆನಪಿರಲಿ. ಹೋದ ದಿನ ನೀರಿಗಿಳಿಯುವ ಮುಂಚೆ ದಡದಲ್ಲಿ ದೋಣಿ ಸರಿಮಾಡುತ್ತಾ ಕುಳಿತವರನ್ನು ಕೇಳಿ, ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು, ಯಾವ ಹೊತ್ತಿಗೆ ನೀರು ತಿರುಗುತ್ತದೆ ಅಂತ. ಅವರು ಕೈ ತೋರಿಸಿದ ಜಾಗದಲ್ಲೇ ಇಳಿಯಿರಿ.